ಏರುವ ವಯಸ್ಸೂ ಊಟದ ಗಂಗಾಳವೂ

(ಶಾಲೆಯ ಪಾಲಕರ ಸಭೆಯಲ್ಲಿ ಮುಖ್ಯಾಧ್ಯಾಪಕರು ಮಾಡಿದ ಭಾಷಣ)



ಪಾಲಕರ ಸಭೆಯೆಂದರೆ ಮಕ್ಕಳ ಅಂಕಗಳ ಮಾತು, ಹಾಜರಿಯ ಮಾತು, ಶಾಲೆಯ ಕಟ್ಟಡದ ಮಾತು ನಡೆಯುವುದು ವಾಡಿಕೆ. ಇಂದು ಆ ವಾಡಿಕೆಯನ್ನು ತುಸು ಬದಿಗಿರಿಸಿ, ಮಕ್ಕಳನ್ನು ಇಲ್ಲಿಗೆ ಕಳುಹಿಸಿಕೊಡುವ ತಂದೆತಾಯಂದಿರ ವಿಷಯವಾಗಿಯೇ ನಾಲ್ಕು ಮಾತುಗಳನ್ನಾಡಲು ತಮ್ಮೆಲ್ಲರ ಅಪ್ಪಣೆಯನ್ನು ಬೇಡುತ್ತೇವೆ.

ಇದಕ್ಕೆ ಕಾರಣವುಂಟು. ವರ್ಷದ ಕೊನೆಯಲ್ಲಿ ವಿದ್ಯಾರ್ಥಿಗಳ ರಜೆಯ ಅರ್ಜಿಗಳನ್ನು ಒಟ್ಟುಗೂಡಿಸಿ ನೋಡುವುದು ನಮ್ಮ ಪದ್ಧತಿ. ಹಿಂದೆ ಆ ಅರ್ಜಿಗಳಲ್ಲಿ ಜ್ವರ, ಜಾತ್ರೆ, ಮದುವೆ, ಸುಗ್ಗಿ ಇವೇ ಕಾರಣಗಳಾಗಿರುತ್ತಿದ್ದವು. ಈ ಸಲ ಮತ್ತೊಂದು ಬಗೆಯ ಅರ್ಜಿಗಳು ಕೈಗೆ ಬಂದವು. ‘ಅಪ್ಪನನ್ನು ಸೊಲ್ಲಾಪುರದ ದವಾಖಾನೆಗೆ ಕರೆದುಕೊಂಡು ಹೋಗಬೇಕಾಗಿದೆ’, ‘ಅವ್ವನಿಗೆ ಸಕ್ಕರೆ ಹೆಚ್ಚಾಗಿ ಕಾಲಿನ ಗಾಯ ಮಾಯುತ್ತಿಲ್ಲ, ಮನೆಯಲ್ಲಿ ಅಡಿಗೆ ಮಾಡುವವರಿಲ್ಲ’. ಇವನ್ನು ಬರೆದವರು ಎಂಟನೆಯ, ಒಂಬತ್ತನೆಯ ಇಯತ್ತೆಯ ಮಕ್ಕಳು. ಅವರ ತಂದೆತಾಯಂದಿರು ಮುಪ್ಪಿನವರಲ್ಲ, ನಲವತ್ತರ ಆಸುಪಾಸಿನವರು. ಮನೆಯಲ್ಲಿ ದುಡಿಯುವ ಕೈ ಹಾಸಿಗೆ ಹಿಡಿದರೆ ಎಲ್ಲಕ್ಕೂ ಮೊದಲು ನಿಲ್ಲುವುದು ಮಗಳ ಓದು ಎಂಬುದನ್ನು ಶಿಕ್ಷಕರಾದ ನಾವು ಕಂಡಷ್ಟು ಬೇರೆಯವರು ಕಂಡಿರಲಾರರು. ಆದುದರಿಂದ ತಮ್ಮ ಊಟದ ಗಂಗಾಳದ ಮಾತು ಶಾಲೆಯ ಮಾತಲ್ಲವೆಂದು ದಯವಿಟ್ಟು ಭಾವಿಸಬಾರದು. ಮೇಲಾಗಿ ಆರೋಗ್ಯದ ತಿಳಿವಳಿಕೆಯ ಹಾಳೆಗಳು ಮರಾಠಿಯಲ್ಲಿಯೋ ಇಂಗ್ಲಿಷಿನಲ್ಲಿಯೋ ಬಂದೊದಗುವ ಈ ಗಡಿನಾಡಿನಲ್ಲಿ, ಕನ್ನಡವನ್ನಷ್ಟೇ ಓದಬಲ್ಲ ತಾಯಂದಿರಿಗೆ ಆ ತಿಳಿವಳಿಕೆಯನ್ನು ಮುಟ್ಟಿಸುವುದು ಕನ್ನಡ ಶಾಲೆಯ ಕೆಲಸವೇ ಆಗಿದೆ.

ಪರರ ಮಾತನ್ನಾಡುವ ಮುನ್ನ ನಮ್ಮ ಮಾತನ್ನು ಹೇಳುವುದು ನ್ಯಾಯ. ಎರಡು ವರ್ಷಗಳ ಹಿಂದೆ ನಾವು ಬರಿ ಹೊಟ್ಟೆಯಲ್ಲಿ ರಕ್ತ ಪರೀಕ್ಷೆ ಮಾಡಿಸಿಕೊಂಡಾಗ ಸಕ್ಕರೆಯ ಪ್ರಮಾಣ 118 ಎಂದು ಬಂತು. 100ಕ್ಕಿಂತ ಕೆಳಗೆ ಇರಬೇಕಾದುದು ಅದು. 126ನ್ನು ಮುಟ್ಟಿದರೆ ಮಧುಮೇಹವೆನ್ನುತ್ತಾರೆ. ನಾವು ಹೊಸ್ತಿಲ ಮೇಲೆ ನಿಂತಿದ್ದೆವು. ‘ನಲವತ್ತು ದಾಟಿತಲ್ಲ ಡಾಕ್ಟರೇ, ವಯಸ್ಸಿನ ಗುಣ’ ಎಂದೆವು. ಆ ವೈದ್ಯರು ನಕ್ಕು, ‘ಗುರುಗಳೇ, ನಾನು ನಿಮ್ಮ ವಯಸ್ಸನ್ನು ಕೇಳಲಿಲ್ಲ. ನಿನ್ನೆ ಏನೇನು ಉಂಡಿರಿ, ಎಷ್ಟು ಕಪ್ಪು ಚಹಾ ಕುಡಿದಿರಿ, ಅದನ್ನು ಹೇಳಿರಿ’ ಎಂದರು. ಆ ಪ್ರಶ್ನೆಗೆ ಉತ್ತರವನ್ನು ಹುಡುಕುತ್ತ ಓದಿ ತಿಳಿದುದನ್ನೇ ಇಂದು ತಮ್ಮ ಮುಂದಿಡುತ್ತಿದ್ದೇವೆ.

ನಮ್ಮ ಹಿರಿಯರು ಹೊಟ್ಟೆಯಲ್ಲಿ ಅಗ್ನಿಯಿದೆ ಎಂದು ಹೇಳುತ್ತಿದ್ದರು. ಉಂಡ ಅನ್ನವನ್ನು ಪಚನಗೊಳಿಸುವುದು ಜಠರಾಗ್ನಿ ಎಂಬುದು ಆಯುರ್ವೇದದ ಮಾತು. ಪಾಶ್ಚಾತ್ಯ ವಿಜ್ಞಾನವು ಬೇರೊಂದು ದಾರಿಯಿಂದ ಬಂದು ಹೆಚ್ಚು ಕಡಿಮೆ ಅದೇ ಹೋಲಿಕೆಯನ್ನು ತಲುಪಿತು. 1780ರ ದಶಕದ ಆರಂಭದಲ್ಲಿ ಫ್ರಾನ್ಸಿನ ಲವಾಸಿಯೇ ಎಂಬ ರಸಾಯನಶಾಸ್ತ್ರಜ್ಞನು, ಗಣಿತಜ್ಞ ಲಪ್ಲಾಸನೊಡಗೂಡಿ, ಒಂದು ಗಿನಿ ಇಲಿಯನ್ನು ಸುತ್ತಲೂ ಬರ್ಫ ತುಂಬಿದ ಪಾತ್ರೆಯೊಳಗೆ ಇರಿಸಿದನು. ಇಲಿಯ ಮೈಯ ಕಾವಿನಿಂದ ಎಷ್ಟು ಬರ್ಫ ಕರಗಿತೆಂಬುದನ್ನು ಅಳೆದನು. ಅದು ಹೊರಬಿಟ್ಟ ಇಂಗಾಲಾಮ್ಲ ವಾಯುವನ್ನೂ ಅಳೆದನು. ಇದ್ದಿಲು ಉರಿಯುವಾಗ ನಡೆಯುವಂಥ ಕ್ರಿಯೆಯೇ ಪ್ರಾಣಿಯ ಒಡಲಿನಲ್ಲಿಯೂ ಮೆಲ್ಲಮೆಲ್ಲನೆ ನಡೆಯುತ್ತದೆ, ಉಸಿರಾಟವೆಂಬುದು ನಿಧಾನವಾದ ಉರಿ ಎಂದು ಅವರು ನಿರ್ಣಯಿಸಿದರು. ಇಂದು ಇದನ್ನೆಲ್ಲ ಒಟ್ಟಾಗಿ ‘ಚಯಾಪಚಯ’ ಎನ್ನುತ್ತೇವೆ. ಚಯವೆಂದರೆ ಕಟ್ಟುವುದು, ಅಪಚಯವೆಂದರೆ ಕಳಚುವುದು. ಉಂಡುದನ್ನು ಕಳಚಿ ಶಕ್ತಿಯನ್ನು ಪಡೆಯುವುದು, ಆ ಶಕ್ತಿಯಿಂದ ಮೈಯನ್ನು ಕಟ್ಟಿಕೊಳ್ಳುವುದು, ಈ ಎರಡೂ ಹಗಲಿರುಳು ನಡೆಯುತ್ತಲೇ ಇರುತ್ತವೆ.

‘ವಯಸ್ಸಾಯಿತು, ಅಗ್ನಿ ಕುಗ್ಗಿತು, ಹೊಟ್ಟೆ ಬಂತು’ ಎಂದು ನಾವೆಲ್ಲ ಹೇಳುತ್ತೇವೆ. ಈ ಮಾತು ಎಷ್ಟರಮಟ್ಟಿಗೆ ನಿಜ? 2021ರಲ್ಲಿ ‘ಸೈನ್ಸ್’ ಎಂಬ ಪತ್ರಿಕೆಯಲ್ಲಿ ಇದರ ಬಗ್ಗೆ ಒಂದು ದೊಡ್ಡ ಅಧ್ಯಯನ ಪ್ರಕಟವಾಯಿತು. ಹುಟ್ಟಿ ಎಂಟು ದಿನಗಳಾದ ಕೂಸಿನಿಂದ 95 ವರ್ಷದ ವೃದ್ಧರವರೆಗೆ, 29 ದೇಶಗಳ ಆರು ಸಾವಿರಕ್ಕೂ ಹೆಚ್ಚು ಜನರು ದಿನವೊಂದಕ್ಕೆ ವ್ಯಯಿಸುವ ಶಕ್ತಿಯ ಲೆಕ್ಕ ಅದರಲ್ಲಿದೆ. ಮೈಯ ಗಾತ್ರಕ್ಕೆ ಹೋಲಿಸಿದರೆ ಒಂದು ವರ್ಷದ ಕೂಸಿನ ಉರಿ ದೊಡ್ಡವರದಕ್ಕಿಂತ ಒಂದೂವರೆ ಪಟ್ಟು. ಅಲ್ಲಿಂದ ಇಪ್ಪತ್ತರವರೆಗೆ ಅದು ಮೆಲ್ಲಗೆ ಇಳಿಯುತ್ತದೆ. ಇಪ್ಪತ್ತರಿಂದ ಅರವತ್ತರವರೆಗೆ ಹೆಚ್ಚು ಕಡಿಮೆಯಿಲ್ಲದೆ ಒಂದೇ ಸಮನಾಗಿ ನಿಲ್ಲುತ್ತದೆ. ಅರವತ್ತರ ಅನಂತರವೇ ವರ್ಷಕ್ಕೆ ನೂರಕ್ಕೆ ಸುಮಾರು 0.7ರಂತೆ ಇಳಿಮುಖವಾಗುತ್ತದೆ.

ಪಾಲಕ ಬಂಧುಗಳೇ, ಇದರ ಅರ್ಥವನ್ನು ಗಮನಿಸಬೇಕು. ನಲವತ್ತರಲ್ಲಿ ನಮ್ಮ ಒಡಲಿನ ಅಗ್ನಿ ಕುಗ್ಗಿರುವುದಿಲ್ಲ. ತಪ್ಪನ್ನು ವಯಸ್ಸಿನ ತಲೆಗೆ ಕಟ್ಟಿ ನಾವು ಪಾರಾಗುವಂತಿಲ್ಲ. ಹಾಗಾದರೆ ಮಾರ್ಪಟ್ಟದ್ದು ಯಾವುದು? ಎರಡು ಮಾರ್ಪಟ್ಟಿವೆ. ಒಂದು ನಮ್ಮ ಮಾಂಸಖಂಡ, ಇನ್ನೊಂದು ನಮ್ಮ ಗಂಗಾಳ.

ಮೊದಲು ಮಾಂಸಖಂಡದ ಮಾತು. ಮೂವತ್ತು ದಾಟಿದ ಮೇಲೆ ದುಡಿಸದೆ ಬಿಟ್ಟ ಮೈಯಲ್ಲಿ ಮಾಂಸಖಂಡವು ಹತ್ತು ವರ್ಷಕ್ಕೆ ನೂರಕ್ಕೆ ಸುಮಾರು 3ರಿಂದ 8 ಪಾಲು ಕರಗುತ್ತದೆ. ಅರವತ್ತರ ಮೇಲೆ ಇನ್ನೂ ಬೇಗ ಕರಗುತ್ತದೆ. ತೂಕದ ಕಾಟಾ ಇದನ್ನು ತೋರಿಸುವುದಿಲ್ಲ, ಏಕೆಂದರೆ ಕರಗಿದ ಮಾಂಸದ ಸ್ಥಳವನ್ನು ಕೊಬ್ಬು ತುಂಬಿಕೊಳ್ಳುತ್ತದೆ. ಇದರಿಂದ ಆಗುವ ಕೇಡು ತೋಳು ಸೊರಗುವುದಷ್ಟೇ ಅಲ್ಲ. ನಮ್ಮ ಸೀಮೆಯ ಹಳೆಯ ಮನೆಗಳಲ್ಲಿ ಜೋಳವನ್ನು ತುಂಬಿಡಲು ನೆಲದೊಳಗೆ ಹಗೇವು ಇರುತ್ತಿತ್ತು. ಸುಗ್ಗಿಯ ಜೋಳ ಬಂದೊಡನೆ ಹಗೇವಿಗೆ ಇಳಿಯುತ್ತಿತ್ತು. ಊಟದ ಅನಂತರ ರಕ್ತಕ್ಕೆ ಬಂದ ಸಕ್ಕರೆಗೆ ಮಾಂಸಖಂಡವೇ ದೊಡ್ಡ ಹಗೇವು. ಹಗೇವು ಕಿರಿದಾದರೆ, ಅಥವಾ ಅದರ ಬಾಯಿ ಮುಚ್ಚಿಕೊಂಡರೆ, ಬಂದ ಕಾಳು ಅಂಗಳದಲ್ಲಿಯೇ ಬಿದ್ದಿರುತ್ತದಲ್ಲವೇ? ರಕ್ತದಲ್ಲಿ ಸಕ್ಕರೆ ಹೆಚ್ಚಿತೆಂದರೆ ಆಗಿರುವುದು ಇದೇ. ಹಗೇವಿನ ಬಾಯಿಯನ್ನು ತೆರೆಯುವುದು ಮೈಯ ದುಡಿಮೆ. ಹಗೇವನ್ನು ಕುಸಿಯಗೊಡದೆ ಕಟ್ಟಿಕೊಂಡು ಬರುವುದು ಪ್ರೋಟೀನು ಎಂಬ ಅಂಶ.

ಈಗ ಗಂಗಾಳದ ಮಾತು. ಅಕ್ಕಲಕೋಟ, ಸೊಲ್ಲಾಪುರ, ಮಂಗಳವೇಢೆಗಳ ಈ ನಾಡು ಹಿಂಗಾರಿ ಜೋಳದ ತವರು. ದೇಶದಲ್ಲೆಲ್ಲ ಹೆಸರಾದ ‘ಮಾಲದಂಡಿ’ ಜೋಳದ ಎಂ 35-1 ತಳಿಯನ್ನು ಆಯ್ದು ತೆಗೆದದ್ದು ಇದೇ ಜಿಲ್ಲೆಯ ಮೋಹೊಳದಲ್ಲಿ. ಮಂಗಳವೇಢೆಯ ಜೋಳಕ್ಕೆ 2016ರಲ್ಲಿ ಭೌಗೋಳಿಕ ಗುರುತಿನ ಮನ್ನಣೆಯೂ ದೊರೆಯಿತು. ಆದರೆ ತಾವೇ ಯೋಚಿಸಿರಿ, ತಮ್ಮ ಅಜ್ಜಿಯ ಕಾಲದ ಗಂಗಾಳದಲ್ಲಿ ಏನಿರುತ್ತಿತ್ತು? ರೊಟ್ಟಿ, ಬೇಳೆ ಅಥವಾ ಮಡಿಕೆ ಕಾಳಿನ ಪಲ್ಯ, ಶೇಂಗಾ ಹಿಂಡಿಯೋ ಅಗಸಿ ಹಿಂಡಿಯೋ ಗುರೆಳ್ಳಿನ ಹಿಂಡಿಯೋ, ಹೊಲದಿಂದ ತಂದ ಹಕ್ಕರಕಿ, ಪುಂಡಿ, ಮೆಂತ್ಯದ ಸೊಪ್ಪು, ಮೇಲೆ ಒಂದು ಗಿಂಡಿ ಮಜ್ಜಿಗೆ. ಇಂದು ನಮ್ಮ ಬೆಳಗು ಚಹಾ ಮತ್ತು ಬಿಸ್ಕೀಟಿನಿಂದ, ಇಲ್ಲವೇ ಪಾವಿನಿಂದ ಆರಂಭವಾಗುತ್ತದೆ. ರಾತ್ರಿಯ ಊಟ ಬಿಳಿಯ ಅನ್ನ ಮತ್ತು ತಿಳಿಸಾರಿನಲ್ಲಿ ಮುಗಿಯುತ್ತದೆ. ನಡುವೆ ಭಜಿ, ಚುರುಮುರಿ, ಮತ್ತೆ ಚಹಾ. ನೂರು ಗ್ರಾಂ ಜೋಳದಲ್ಲಿ ಸುಮಾರು 10 ಗ್ರಾಂ ಪ್ರೋಟೀನೂ 10 ಗ್ರಾಂ ನಾರೂ ಇವೆ. ಅಷ್ಟೇ ತೂಕದ ತಿಕ್ಕಿದ ಅಕ್ಕಿಯಲ್ಲಿ ಪ್ರೋಟೀನು ಸುಮಾರು 8 ಗ್ರಾಂ, ನಾರು 3 ಗ್ರಾಮಿನೊಳಗೆ. ನಾರು ಕಡಿಮೆಯಾದರೆ ಪಿಷ್ಟವು ಬೇಗನೆ ಸಕ್ಕರೆಯಾಗಿ ರಕ್ತಕ್ಕೆ ನುಗ್ಗುತ್ತದೆ. ಹಗೇವು ಕಿರಿದಾಗಿರುವ ಹೊತ್ತಿಗೇ ಕಾಳು ಒಮ್ಮೆಲೇ ಬಂದು ಬೀಳುತ್ತದೆ.

ಹಾಗೆಂದು, ಜೋಳವೊಂದಿದ್ದರೆ ಸಾಕು ಎಂದು ನಾವು ಹೇಳುತ್ತಿಲ್ಲ. ಅಭಿಮಾನದಿಂದ ಹಾಗೆ ಹೇಳುವುದು ಸುಲಭ, ಆದರೆ ಸತ್ಯವಲ್ಲ. ಇದಕ್ಕೆ ಎರಡು ನಿದರ್ಶನಗಳನ್ನು ಕೊಡುತ್ತೇವೆ. ನೀಲಗಿರಿಯ ಕೂನೂರಿನಲ್ಲಿ 1918ರಲ್ಲಿ ರಾಬರ್ಟ್ ಮೆಕ್‌ಕ್ಯಾರಿಸನ್ ಎಂಬ ವೈದ್ಯರು ಒಂದೇ ಕೋಣೆಯಲ್ಲಿ ಆಹಾರದ ಸಂಶೋಧನೆಯನ್ನು ಆರಂಭಿಸಿದರು. 1920ರ ದಶಕದಲ್ಲಿ ಅವರು ಇಲಿಗಳ ಗುಂಪುಗಳನ್ನು ಮಾಡಿ, ಒಂದೊಂದು ಗುಂಪಿಗೆ ಭಾರತದ ಒಂದೊಂದು ಪ್ರಾಂತದ ಊಟವನ್ನು ಕೊಟ್ಟು ನೋಡಿದರು. ತವಡು ತೆಗೆಯದ ಗೋದಿಯ ರೊಟ್ಟಿ, ಬೇಳೆ, ಹಾಲು, ಹಸಿ ಕಾಯಿಪಲ್ಲೆಗಳನ್ನು ತಿಂದ ಇಲಿಗಳು ಎಲ್ಲಕ್ಕಿಂತ ಚೆನ್ನಾಗಿ ಬೆಳೆದವು. ತಿಕ್ಕಿದ ಅಕ್ಕಿಯೇ ಹೆಚ್ಚಾಗಿದ್ದ ಊಟದ ಇಲಿಗಳು ಸೊರಗಿದವು. ಕೂನೂರಿನ ಆ ಸಂಸ್ಥೆ 1958ರಲ್ಲಿ ಹೈದರಾಬಾದಿಗೆ ಬಂದು, 1969ರಲ್ಲಿ ರಾಷ್ಟ್ರೀಯ ಪೋಷಣ ಸಂಸ್ಥೆ ಎಂಬ ಹೆಸರನ್ನು ಪಡೆಯಿತು.

ಎರಡನೆಯ ನಿದರ್ಶನ ನಮ್ಮ ಜೋಳದ್ದೇ. ಅದೇ ಹೈದರಾಬಾದಿನಲ್ಲಿದ್ದ ಡಾ. ಸಿ. ಗೋಪಾಲನ್ ಮತ್ತು ಡಾ. ಎಸ್. ಜಿ. ಶ್ರೀಕಂಠಯ್ಯ ಎಂಬವರು, ಜೋಳವನ್ನೇ ನೆಚ್ಚಿದ ದಖ್ಖಣದ ಬಡಜನರಲ್ಲಿ ಪೆಲಾಗ್ರ ಎಂಬ ರೋಗ ಕಾಣಿಸುವುದರ ವಿಷಯವಾಗಿ 1960ರಲ್ಲಿ ಬರೆದರು. ಬಿಸಿಲಿಗೆ ಒಡ್ಡಿದ ಚರ್ಮ ಕಪ್ಪಾಗಿ ಬಿರಿಯುವ ರೋಗವದು. ಜೋಳವೇ ಸರ್ವಸ್ವವಾಗಿ, ಅದರೊಡನೆ ಬೇಳೆಯೂ ಹಾಲೂ ಕಾಯಿಪಲ್ಲೆಯೂ ಇಲ್ಲದಿದ್ದಾಗ ಬಂದ ಕೇಡು ಅದು. ಜೋಳದ ಪ್ರೋಟೀನಿನಲ್ಲಿ ಲೈಸಿನ್ ಎಂಬ ಅಂಶ ಕಡಿಮೆ. ಬೇಳೆಕಾಳುಗಳಲ್ಲಿ ಅದು ಧಾರಾಳವಾಗಿದೆ. ರೊಟ್ಟಿಗೆ ಬೇಳೆಯನ್ನು ಜೊತೆಗೂಡಿಸಿದ ನಮ್ಮ ಅಜ್ಜಿಯರು ಲೈಸಿನ್ ಎಂಬ ಹೆಸರನ್ನು ಕೇಳಿರಲಿಲ್ಲ. ಆದರೂ ಒಂದರ ಕೊರತೆಯನ್ನು ಮತ್ತೊಂದರಿಂದ ತುಂಬಿಸಿದ್ದರು. ಎಳ್ಳ ಅಮಾವಾಸ್ಯೆಯ ದಿನ ಹೊಲದಲ್ಲಿ ಉಣ್ಣುವ ಸಜ್ಜೆಯ ರೊಟ್ಟಿ ಮತ್ತು ಹತ್ತೆಂಟು ಕಾಳು ಸೊಪ್ಪುಗಳ ಭಜ್ಜಿಯನ್ನು ನೆನಪಿಸಿಕೊಳ್ಳಿರಿ. ವರ್ಷಕ್ಕೊಮ್ಮೆ ಮಾಡುವ ಆ ಊಟದ ಧರ್ಮವನ್ನು ವರ್ಷವೆಲ್ಲ ಪಾಲಿಸಿದರೆ ಸಾಕು.

ರಾಷ್ಟ್ರೀಯ ಪೋಷಣ ಸಂಸ್ಥೆಯು 2024ರಲ್ಲಿ ಪ್ರಕಟಿಸಿದ ಸೂಚನೆಗಳಲ್ಲಿ, ದಿನಕ್ಕೆ 2000 ಕ್ಯಾಲೊರಿಯ ಊಟ ಹೇಗಿರಬೇಕೆಂಬ ಲೆಕ್ಕವನ್ನು ಕೊಟ್ಟಿದೆ. ಧಾನ್ಯ 250 ಗ್ರಾಂ, ಬೇಳೆಕಾಳು 85 ಗ್ರಾಂ, ಸೊಪ್ಪು ಮತ್ತು ಕಾಯಿಪಲ್ಲೆ 400 ಗ್ರಾಂ, ಹಣ್ಣು 100 ಗ್ರಾಂ, ಶೇಂಗಾ ಎಳ್ಳು ಮೊದಲಾದ ಎಣ್ಣೆಬೀಜಗಳು 35 ಗ್ರಾಂ, ಹಾಲು ಇಲ್ಲವೆ ಮೊಸರು 300 ಮಿಲಿಲೀಟರು, ಎಣ್ಣೆ 27 ಗ್ರಾಂ. ತತ್ತಿ, ಮಾಂಸಗಳನ್ನು ತಿನ್ನುವವರು ಬೇಳೆಯ ಒಂದು ಪಾಲಿಗೆ ಬದಲಾಗಿ ಅವನ್ನು ಸೇರಿಸಿಕೊಳ್ಳಬಹುದು. ದಿನದ ಶಕ್ತಿಯಲ್ಲಿ ಧಾನ್ಯದ ಪಾಲು ನೂರಕ್ಕೆ 45ನ್ನು ಮೀರಬಾರದೆಂದೂ, ನಮ್ಮ ದೇಶದಲ್ಲಿ ಅದು 50ರಿಂದ 70ರವರೆಗೆ ಇದೆಯೆಂದೂ ಆ ಸಂಸ್ಥೆ ಹೇಳುತ್ತದೆ. ಎಂದರೆ ನಮ್ಮ ಗಂಗಾಳದಲ್ಲಿ ಧಾನ್ಯ ತುಸು ಹಿಂದೆ ಸರಿದು, ಬೇಳೆಗೂ ಪಲ್ಯಕ್ಕೂ ಜಾಗ ಬಿಡಬೇಕು.

‘ಗುರುಗಳೇ, ಜೋಳದ ಬೆಲೆ ನಮಗೆ ಎಟಕುವುದಿಲ್ಲ, ಪಡಿತರದ ಅಂಗಡಿಯಲ್ಲಿ ಸಿಗುವುದು ಅಕ್ಕಿ ಗೋದಿ’ ಎಂದು ಕೆಲವು ಪಾಲಕರು ಹೇಳುವರು. ಆ ಮಾತು ಸುಳ್ಳಲ್ಲ. ಹಾಗಾದರೆ ಗೋದಿಯನ್ನು ಗಿರಣಿಯಲ್ಲಿ ಬೀಸಿಸಿ, ತವಡು ಜರಡಿ ಹಿಡಿಯದೆ ಚಪಾತಿ ಮಾಡಿರಿ. ಅದರಲ್ಲಿಯೂ ನಾರು ಜೋಳದಷ್ಟೇ ಇದೆ. ಬಿಡಬೇಕಾದುದು ಮೈದಾ. ಅನ್ನವನ್ನು ಉಣ್ಣುವುದಾದರೆ ಅರ್ಧ ಅನ್ನಕ್ಕೆ ಅರ್ಧ ದಪ್ಪ ಬೇಳೆ ಇರಲಿ, ತಿಳಿಸಾರು ಬೇಡ. ಇನ್ನು, ರೊಟ್ಟಿ ಬಡಿಯುವುದು ಶ್ರಮದ ಕೆಲಸ. ಆ ಶ್ರಮವನ್ನು ತಾಯಿಯೊಬ್ಬಳ ಮೇಲೆಯೇ ಹೊರಿಸಿ ‘ಹಿಂದಿನ ಊಟ ಶ್ರೇಷ್ಠ’ ಎಂದು ಗಂಡಸರಾದ ನಾವು ಹೊಗಳುವುದು ನ್ಯಾಯವಲ್ಲ. ಹುಡುಗರೂ ಹಿಟ್ಟು ನಾದಲು ಕಲಿಯಲಿ.

ಈಗ ವೈದ್ಯರು ಕೇಳಿದ ಚಹಾದ ಲೆಕ್ಕ. ವಿದ್ಯಾರ್ಥಿಗಳು ಜೊತೆಯಲ್ಲಿಯೇ ಲೆಕ್ಕ ಮಾಡಬಹುದು. ಒಂದು ಕಪ್ಪಿಗೆ ಎರಡು ಚಮಚ, ಎಂದರೆ ಸುಮಾರು 10 ಗ್ರಾಂ ಸಕ್ಕರೆ. ನಾವು ದಿನಕ್ಕೆ ಐದು ಕಪ್ಪು ಕುಡಿಯುತ್ತಿದ್ದೆವು. 50 ಗ್ರಾಂ ಆಯಿತು. ವರ್ಷದ 365 ದಿನಗಳಿಗೆ 18 ಕಿಲೋ ಮೀರಿತು. ಬಿಸ್ಕೀಟಿನ ಸಕ್ಕರೆ, ಹಬ್ಬದ ಹೋಳಿಗೆಯ ಬೆಲ್ಲ ಇದರಲ್ಲಿ ಸೇರಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯು 2015ರಲ್ಲಿ ಕೊಟ್ಟ ಸೂಚನೆಯಂತೆ, ಮೇಲಿನಿಂದ ಹಾಕಿಕೊಳ್ಳುವ ಸಕ್ಕರೆ ದಿನಕ್ಕೆ ಸುಮಾರು 25 ಗ್ರಾಮಿನೊಳಗೆ ಇದ್ದರೆ ಹೆಚ್ಚು ಹಿತ. ನಾವು ಅದರ ಎರಡರಷ್ಟನ್ನು ಚಹಾದಲ್ಲಿಯೇ ಮುಗಿಸುತ್ತಿದ್ದೆವು. ಹದಿನೆಂಟು ಕಿಲೋ ಸಕ್ಕರೆಯ ಚೀಲವನ್ನು ಎದುರಿಗಿಟ್ಟು ‘ತಿನ್ನಿರಿ’ ಎಂದರೆ ಯಾರೂ ಒಪ್ಪಲಾರರು. ಚಮಚಗಳಲ್ಲಿ ಹಂಚಿಕೊಟ್ಟರೆ ನಗುನಗುತ್ತ ಕುಡಿಯುತ್ತೇವೆ.

ತಾಯಂದಿರಿಗೆ ಇನ್ನೊಂದು ಲೆಕ್ಕವನ್ನು ಹೇಳಬೇಕಾಗಿದೆ. ಇಂದಿನ ನಮ್ಮ ಭಾಷಣದಲ್ಲಿ ಇದೇ ಮುಖ್ಯವಾದುದು. ನಮ್ಮ ಮನೆಗಳಲ್ಲಿ ಎಲ್ಲರಿಗೂ ಬಡಿಸಿ ಕಡೆಗೆ ಉಣ್ಣುವವಳು ತಾಯಿ. ಅವಳ ಪಾಲಿಗೆ ಉಳಿಯುವುದು ರೊಟ್ಟಿ. ಪಲ್ಯವೂ ಬೇಳೆಯೂ ಆ ವೇಳೆಗೆ ತಳ ಕಂಡಿರುತ್ತವೆ. 55 ಕಿಲೋ ತೂಗುವ ಒಬ್ಬ ತಾಯಿಗೆ, ಕಿಲೋ ಒಂದಕ್ಕೆ 0.83 ಗ್ರಾಮಿನಂತೆ, ದಿನಕ್ಕೆ ಸುಮಾರು 46 ಗ್ರಾಂ ಪ್ರೋಟೀನು ಬೇಕು. ಅವಳು ದಿನದಲ್ಲಿ ಒಂದು ರೊಟ್ಟಿ, ನೂರೈವತ್ತು ಗ್ರಾಂ ಅಕ್ಕಿಯ ಅನ್ನ, ತಿಳಿಸಾರು, ಎರಡು ಕಪ್ಪು ಚಹಾ ಇಷ್ಟನ್ನು ಸೇವಿಸಿದಳೆನ್ನೋಣ. ರೊಟ್ಟಿಯಿಂದ ಏಳೂವರೆ, ಅನ್ನದಿಂದ ಹನ್ನೆರಡು, ಚಹಾದ ಹಾಲಿನಿಂದ ಮೂರು. ಒಟ್ಟು 23 ಗ್ರಾಂ ತುಂಬಲಿಲ್ಲ. ಬೇಕಾದುದರ ಅರ್ಧ! ಹೊಟ್ಟೆ ತುಂಬಿತು, ಆದರೆ ಮೈಗೆ ಬೇಕಾದುದು ದೊರೆಯಲಿಲ್ಲ. ಮಾಂಸಖಂಡ ಕರಗುತ್ತದೆ, ನಡುವಿನಲ್ಲಿ ಕೊಬ್ಬು ಸೇರುತ್ತದೆ. ಮುಟ್ಟು ನಿಲ್ಲುವ ವಯಸ್ಸಿನಲ್ಲಿ ಈ ಎರಡೂ ಮತ್ತಷ್ಟು ಹೆಚ್ಚುತ್ತವೆ. ಆಗ ಎಲ್ಲರೂ ‘ಅವ್ವ ದಪ್ಪಗಾಗಿದ್ದಾಳೆ, ಉಣ್ಣುವುದು ಹೆಚ್ಚಾಯಿತು’ ಎಂದು ನಗುತ್ತಾರೆ. ನಿಜವಾಗಿ ಅವಳಿಗೆ ದೊರೆತುದು ಕಡಿಮೆ.

ಇದನ್ನು ಸರಿಪಡಿಸುವುದು ಕಷ್ಟವೇ? ಎರಡು ಹೊತ್ತಿಗೂ ಮೂವತ್ತು ಮೂವತ್ತು ಗ್ರಾಂ ತೊಗರಿಬೇಳೆ ಅವಳ ಪಾಲಿಗೆ ಬಂದರೆ 13 ಗ್ರಾಂ. ಇಪ್ಪತ್ತು ಗ್ರಾಂ ಶೇಂಗಾ ಹಿಂಡಿಯಿಂದ ನಾಲ್ಕೂವರೆ ಗ್ರಾಂ. ಒಂದು ದೊಡ್ಡ ವಾಟಿ ಮೊಸರಿನಿಂದ 6 ಗ್ರಾಂ. ಕೊರತೆ ತುಂಬಿತು. ಇದಕ್ಕೆ ಪೇಟೆಯಲ್ಲಿ ಮಾರುವ ಡಬ್ಬಿಯ ಪುಡಿ ಬೇಕಿಲ್ಲ. ಬೇಕಾದುದು ಬೇಳೆಯನ್ನು ಎಲ್ಲರಿಗೂ ಸಮನಾಗಿ ಹಂಚುವ ಸೌಟು, ಮತ್ತು ಎಲ್ಲರೂ ಕೂಡಿ ಕುಳಿತು ಉಣ್ಣುವ ವಾಡಿಕೆ.

ಉಪವಾಸದ ವಿಷಯವನ್ನೂ ಹೇಳಿಬಿಡುತ್ತೇವೆ. ಯಾರ ಭಕ್ತಿಯನ್ನೂ ನೋಯಿಸುವ ಉದ್ದೇಶ ನಮಗಿಲ್ಲ. ಸೋಮವಾರ, ಗುರುವಾರಗಳ ಉಪವಾಸದಲ್ಲಿ ಅನ್ನವನ್ನು ಬಿಟ್ಟು ಸಾಬೂದಾಣಿಯ ಖಿಚಡಿಯನ್ನು ಉಣ್ಣುತ್ತೇವೆ. ಸಾಬೂದಾಣಿಯೆಂಬುದು ಬಹುತೇಕ ಬರಿಯ ಪಿಷ್ಟ. ಅದರಲ್ಲಿ ಪ್ರೋಟೀನೂ ಇಲ್ಲ, ನಾರೂ ಇಲ್ಲ ಎನ್ನುವಷ್ಟು ಅಲ್ಪ. ಅದಕ್ಕೆ ಬದಲಾಗಿ ನೆನೆಸಿದ ಶೇಂಗಾ, ಮೊಸರು, ಹಣ್ಣುಗಳಿಂದ ಉಪವಾಸವನ್ನು ಆಚರಿಸಿದರೆ ವ್ರತಕ್ಕೂ ಭಂಗವಿಲ್ಲ, ಮೈಗೂ ಹಿತ.

ಅರವತ್ತು ದಾಟಿದ ಅಜ್ಜ ಅಜ್ಜಿಯರ ಮಾತು ಬೇರೆ. ಅವರಲ್ಲಿ ಅಗ್ನಿ ನಿಜವಾಗಿಯೂ ಮೆಲ್ಲಗೆ ಇಳಿಯುತ್ತದೆ, ಹಸಿವು ತಗ್ಗುತ್ತದೆ. ಆದರೆ ಪ್ರೋಟೀನಿನ ಅವಶ್ಯಕತೆ ತಗ್ಗುವುದಿಲ್ಲ; ಕಿಲೋ ತೂಕಕ್ಕೆ 1 ಗ್ರಾಮಿನಷ್ಟಾದರೂ ಬೇಕೆಂದು ತಜ್ಞರು ಹೇಳುತ್ತಾರೆ. ಎಂದರೆ ಕಡಿಮೆ ಊಟದಲ್ಲಿ ಹೆಚ್ಚಿನ ಸತ್ವ ಇರಬೇಕು. ನಾವು ಮಾಡುವುದು ಇದಕ್ಕೆ ವಿರುದ್ಧ. ‘ಹಲ್ಲಿಲ್ಲ, ಅವರಿಗೆ ಏನು ಬೇಕು’ ಎಂದು ಚಹಾದಲ್ಲಿ ಬಿಸ್ಕೀಟನ್ನು ಅದ್ದಿ ಕೊಡುತ್ತೇವೆ. ಹಲ್ಲಿಲ್ಲದವರಿಗೆ ನಮ್ಮ ಅಡಿಗೆಮನೆಯಲ್ಲಿ ಬೇಕಾದಷ್ಟಿದೆ. ಮಜ್ಜಿಗೆಯಲ್ಲಿ ಕಲಸಿದ ಜೋಳದ ನುಚ್ಚು, ಮೆತ್ತಗೆ ಬೇಯಿಸಿದ ಹೆಸರುಬೇಳೆ, ಹಾಲಿನಲ್ಲಿ ನೆನೆಸಿದ ರೊಟ್ಟಿ, ನುಣ್ಣಗೆ ಕುಟ್ಟಿದ ಶೇಂಗಾ ಹಿಂಡಿ ಮೊಸರು, ತಿನ್ನುವವರಿಗೆ ಬೇಯಿಸಿದ ತತ್ತಿ. ವಯಸ್ಸಾದಂತೆ ಬಾಯಾರಿಕೆಯ ಅರಿವು ಮಂದವಾಗುವುದರಿಂದ, ಅವರು ಕೇಳುವವರೆಗೆ ಕಾಯದೆ ನೀರನ್ನು ಕೊಡಬೇಕು. ಬಿ12 ಎಂಬ ಜೀವಸತ್ವವು ಮುಪ್ಪಿನಲ್ಲಿ ಅನ್ನದಿಂದ ಸುಲಭವಾಗಿ ಮೈಗೆ ಹತ್ತುವುದಿಲ್ಲ. ಶಾಕಾಹಾರಿಗಳಾದ ಹಿರಿಯರಿಗೆ ಅದರ ಕೊರತೆ ಆಗುವುದುಂಟು. ಕೈಕಾಲು ಜೋಮು ಹಿಡಿಯುತ್ತಿದ್ದರೆ, ಮರೆವು ಹೆಚ್ಚಿದ್ದರೆ, ‘ಮುಪ್ಪು’ ಎಂದು ಸುಮ್ಮನಿರದೆ ವೈದ್ಯರಿಗೆ ತೋರಿಸಬೇಕು.

ಊಟದ ಜೊತೆಗೆ ದುಡಿಮೆಯೂ ಬೇಕೆಂಬುದನ್ನು ಹಗೇವಿನ ಮಾತಿನಲ್ಲಿಯೇ ಹೇಳಿದ್ದೇವೆ. ಉಂಡ ಮೇಲೆ ಹತ್ತು ಹದಿನೈದು ನಿಮಿಷ ನಡೆದಾಡುವುದು, ಕುರ್ಚಿಯಿಂದ ಕೈಯೂರದೆ ಹತ್ತು ಸಲ ಎದ್ದು ಕೂರುವುದು, ನೀರಿನ ಕೊಡವನ್ನು ತಾವೇ ಎತ್ತುವುದು, ಇವು ಯಾವ ಖರ್ಚೂ ಇಲ್ಲದ ವ್ಯಾಯಾಮಗಳು.

ಇಲ್ಲಿ ಒಂದು ಎಚ್ಚರಿಕೆಯ ಮಾತು. ಸಕ್ಕರೆಯ ಕಾಯಿಲೆಗೆ ಗುಳಿಗೆಯನ್ನೋ ಇನ್ಸುಲಿನ್ನನ್ನೋ ತೆಗೆದುಕೊಳ್ಳುತ್ತಿರುವವರು ನಮ್ಮ ಭಾಷಣವನ್ನು ಕೇಳಿ ಅದನ್ನು ನಿಲ್ಲಿಸಕೂಡದು. ವೈದ್ಯರನ್ನು ಕೇಳದೆ ಉಪವಾಸವನ್ನೂ ಮಾಡಕೂಡದು. ಮೂತ್ರಪಿಂಡದ ರೋಗವುಳ್ಳವರು ವೈದ್ಯರ ಮಾತಿಲ್ಲದೆ ಬೇಳೆ ಹಾಲುಗಳನ್ನು ಹೆಚ್ಚಿಸಿಕೊಳ್ಳಕೂಡದು. ಶಾಲಾಮಾಸ್ತರರ ಕೆಲಸ ತಿಳಿವಳಿಕೆ ಕೊಡುವುದಷ್ಟೇ, ಚಿಕಿತ್ಸೆ ವೈದ್ಯರದು.

ನಮ್ಮ ಸ್ವಂತದ ಕಥೆಯನ್ನು ಅರ್ಧಕ್ಕೆ ಬಿಟ್ಟಿದ್ದೆವು. ಐದು ಕಪ್ಪು ಚಹಾ ಎರಡಕ್ಕೆ ಇಳಿಯಿತು, ಅದೂ ಅರ್ಧ ಚಮಚ ಸಕ್ಕರೆಯದು. ರಾತ್ರಿಯ ಅನ್ನದ ಸ್ಥಳಕ್ಕೆ ರೊಟ್ಟಿ, ದಪ್ಪ ಬೇಳೆ, ಒಂದು ರಾಶಿ ಪಲ್ಯ ಬಂದವು. ಸಂಜೆ ಊರ ಹೊರಗಿನವರೆಗೆ ನಡೆದು ಬರುತ್ತೇವೆ. ಈ ವರ್ಷದ ಪರೀಕ್ಷೆಯಲ್ಲಿ 118 ಇದ್ದುದು 103 ಆಗಿದೆ. ಹೊಸ್ತಿಲನ್ನು ಪೂರ್ತಿಯಾಗಿ ಇಳಿದು ಬಂದಿಲ್ಲ. ಒಳಗೆ ಮಾತ್ರ ಹೋಗಲಿಲ್ಲ. ಮೊದಲ ತಿಂಗಳು ಸಕ್ಕರೆಯಿಲ್ಲದ ಚಹಾ ಕಷಾಯದಂತೆ ಇತ್ತೆಂಬುದನ್ನು ಮುಚ್ಚಿಡುವುದಿಲ್ಲ. ಈಗ ಸಿಹಿ ಚಹಾವೇ ಗಂಟಲಿಗೆ ಅಂಟುತ್ತದೆ.

2023ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆಯೊಂದರ ಪ್ರಕಾರ, ನಮ್ಮ ದೇಶದಲ್ಲಿ ಇಪ್ಪತ್ತು ದಾಟಿದವರಲ್ಲಿ ನೂರಕ್ಕೆ 11.4 ಮಂದಿಗೆ ಮಧುಮೇಹವಿದೆ, ಮತ್ತೆ 15.3 ಮಂದಿ ಅದರ ಹೊಸ್ತಿಲ ಮೇಲಿದ್ದಾರೆ. ಈ ಸಭಾಗೃಹದಲ್ಲಿ ಕುಳಿತವರಿಗೆ ಈ ಲೆಕ್ಕವನ್ನು ಹಚ್ಚಿದರೆ, ಪ್ರತಿ ನಾಲ್ಕು ಪಾಲಕರಲ್ಲಿ ಒಬ್ಬರು ಈ ಎರಡರಲ್ಲಿ ಒಂದು ಗುಂಪಿಗೆ ಸೇರಿದವರು. ಹೊಸ್ತಿಲ ಮೇಲಿರುವವರಿಗೆ ನೋವಿಲ್ಲ, ಜ್ವರವಿಲ್ಲ. ಪರೀಕ್ಷೆ ಮಾಡಿಸದೆ ತಿಳಿಯುವುದಿಲ್ಲ. ಮೂವತ್ತು ದಾಟಿದ ಪ್ರತಿಯೊಬ್ಬ ಪಾಲಕರೂ ವರ್ಷಕ್ಕೊಮ್ಮೆ ರಕ್ತವನ್ನು ಪರೀಕ್ಷೆ ಮಾಡಿಸಿಕೊಳ್ಳಬೇಕೆಂದು ಕೈಜೋಡಿಸಿ ಕೇಳಿಕೊಳ್ಳುತ್ತೇವೆ.

ಕಡೆಯಲ್ಲಿ ವಿದ್ಯಾರ್ಥಿಗಳಿಗೆ ಮನೆಗೆಲಸ. ಪುಸ್ತಕವನ್ನು ನೋಡಿ ಬರೆಯುವ ಕೆಲಸವಲ್ಲ. ನಾಳೆಯಿಂದ ಏಳು ದಿನ, ನಿಮ್ಮ ಅವ್ವ ಬೆಳಗಿನಿಂದ ರಾತ್ರಿಯವರೆಗೆ ಏನೇನು ಉಂಡಳೆಂಬುದನ್ನು ವಹಿಯಲ್ಲಿ ಬರೆಯಿರಿ. ಮನೆಯಲ್ಲಿ ಅಜ್ಜ ಅಜ್ಜಿಯರಿದ್ದರೆ ಅವರದನ್ನೂ ಬರೆಯಿರಿ. ಅಪ್ಪ ಕುಡಿದ ಚಹಾದ ಕಪ್ಪುಗಳನ್ನು ಎಣಿಸಿರಿ. ಎಂಟನೆಯ ದಿನ ಗಣಿತದ ಗುರುಗಳು ಪ್ರೋಟೀನಿನ ಲೆಕ್ಕವನ್ನೂ ಸಕ್ಕರೆಯ ಲೆಕ್ಕವನ್ನೂ ಮಾಡಿಸುವರು. ಆ ವಹಿಗೆ ಅಂಕಗಳಿಲ್ಲ, ಅದನ್ನು ವರ್ಗದಲ್ಲಿ ಯಾರೂ ಗಟ್ಟಿಯಾಗಿ ಓದತಕ್ಕದ್ದಲ್ಲ. ಮನೆಯ ಮಾತು ಮನೆಯಲ್ಲಿಯೇ ಇರಲಿ. ಅವ್ವನ ಹೆಸರಿನ ಮುಂದೆ ಬೇಳೆಯ ಕಾಲಮು ಏಳು ದಿನವೂ ಖಾಲಿಯಾಗಿದ್ದರೆ, ಎಂಟನೆಯ ದಿನ ಸೌಟನ್ನು ನೀವು ಹಿಡಿದು ಮೊದಲು ಅವಳಿಗೆ ಬಡಿಸಿರಿ. ಅವಳು ‘ನನಗೆ ಬೇಡ, ನೀನು ಉಣ್ಣು’ ಎನ್ನುವಳು. ಆ ಮಾತೊಂದನ್ನು ಮಾತ್ರ ಕೇಳಬೇಡಿರಿ. ಉಳಿದೆಲ್ಲ ಮಾತುಗಳನ್ನು ಕೇಳಿರಿ.

ಬರುವ ವರ್ಷದ ರಜೆಯ ಅರ್ಜಿಗಳಲ್ಲಿ ಮತ್ತೆ ಜಾತ್ರೆ, ಮದುವೆ, ಸುಗ್ಗಿಗಳೇ ತುಂಬಿರಲಿ, ದವಾಖಾನೆಯ ಹೆಸರು ಕಡಿಮೆಯಾಗಲಿ ಎಂದು ಹಾರೈಸುತ್ತೇವೆ.